ಅತ್ತೆಯ ಪಾತ್ರ

ನವೆಂಬರ್ 14, ಗುರುವಾರ

ಅತ್ತೆ ಇವತ್ತು ‘ಮಂಚ’ ಎಂದರು. ಪೂರ್ತಿಯಾಗಿ ಎಂದರು. ತುಟಿ ಕೂಡಿಸಿ, ಉಸಿರು ಹಿಡಿದು, ಎಡಗಡೆ ಬಾಯಿಂದ ಆ ಮಾತನ್ನು ನೂಕಿದ ಹಾಗೆ ಹೊರಗೆ ಹಾಕಿದರು. ಚಿತ್ರದ ಕಾರ್ಡು ಹಿಡಿದು ಕೂತಿದ್ದ ಸ್ಪೀಚ್ ಥೆರಪಿಯ ಹುಡುಗಿ ಉಮ್ಮೆ ಹಾನಿ ನನ್ನ ಕಡೆ ತಿರುಗಿ ನೋಡಿದಳು. ನನಗೆ ಅಳು ಬಂತು. ಸೆರಗಿನಲ್ಲಿ ಒರೆಸಿಕೊಂಡೆ.

ಮಾರ್ಚ್ ತಿಂಗಳಲ್ಲಿ ಸ್ಟ್ರೋಕ್ ಆದಾಗ ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೇ ಹೋದವು. ಅತ್ತೆಗೆ ಕೈಕಾಲಿಗಿಂತ ಮಾತಿನದೇ ಸಂಕಟ. ಮಠದ ಭಜನೆಯಲ್ಲಿ ಮುಂದೆ ಕೂತು ವಚನ ಎತ್ತಿಕೊಡುತ್ತಿದ್ದ ಪ್ರೇಮಮ್ಮ ಅವರು. ಮಕ್ಕಳಾಗಲಿಲ್ಲ ಎಂದು ನನ್ನನ್ನು ಬಂದ ನೆಂಟರ ಮುಂದೆಲ್ಲ ಇರಿಯುತ್ತಿದ್ದ ಬಾಯಿಯೂ ಅದೇ. ಇರಲಿ, ಈಗ ಅದನ್ನೆಲ್ಲ ಬರೆಯುವುದು ಸರಿಯಲ್ಲ.

ಪ್ರತಿ ಗುರುವಾರ ಉಮ್ಮೆ ಹಾನಿ ಸ್ಕೂಟಿಯಲ್ಲಿ ಬಂದು ಮಾತು ಕಲಿಸಿ ಹೋಗುತ್ತಾಳೆ. ಉಳಿದ ದಿನ ನಾನು ಮಾಡಿಸಬೇಕು. ಕನ್ನಡಿ ಮುಂದೆ ಕೂರಿಸಿ ಕೆನ್ನೆ ಉಬ್ಬಿಸುವುದು, ನಾಲಿಗೆ ಹೊರಳಿಸುವುದು, ಪ, ಬ, ಮ. ಎದುರು ಮನೆಯ ಕಾಮಾಕ್ಷಮ್ಮ ಸಂಜೆ ಬಂದವರು ಅತ್ತೆಯ ಮುಂದೆಯೇ “ಪಾಪ, ಏನೂ ತಿಳಿಯಕಿಲ್ಲ ಅಲ್ವೇನೆ?” ಎಂದರು. ನನಗೆ ಸಿಟ್ಟು ಬಂತು. “ಎಲ್ಲಾ ತಿಳಿಯುತ್ತೆ ಕಣ್ರೀ. ಮಾತು ಬಾಯಿಗೆ ಬರಲ್ಲ ಅಷ್ಟೆ” ಎಂದೆ. ಅತ್ತೆ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು.

ಇವರು ಮೋಟಾರ್ ರಿಪೇರಿ ಅಂಗಡಿಯಿಂದ ಬಂದು ಸುದ್ದಿ ಕೇಳಿ ಅಮ್ಮನ ಬಾಯಿಂದ ಇನ್ನೊಮ್ಮೆ ‘ಮಂಚ’ ಹೇಳಿಸಿದರು. ಊಟಕ್ಕೆ ಕೂತಾಗ ನನಗೆ ಹೇಳಿದರು: “ಅಜ್ಜಂಪುರದ ಹತ್ತಿ ಮಿಲ್ಲಲ್ಲಿ ಬೋರ್ ಮೋಟಾರ್ ಸುಟ್ಟೋಗಿತ್ತು, ರಿವೈಂಡ್ ಮಾಡಿ ಬಿಟ್ಟು ಬಂದೆ. ಅದೀಗ ಮಿಲ್ಲಲ್ಲ ಕಣೇ, ಕಲಾ ಕೇಂದ್ರ. ಬೆಂಗ್ಳೂರೋರೆಲ್ಲ ಶನಿವಾರ ಭಾನುವಾರ ಬತ್ತಾರೆ. ಆಸಿಮ್ ಅಂತ ಒಬ್ರು, ತರೀಕೆರೆಯೋರು, ನಾಟ್ಕ ಕಲಿಸ್ತಾರೆ. ಮನೆಯೋರ್ನ ಕಳ್ಸಿ ಸಾರ್ ಅಂದ್ರು. ಹೋಗ್ಬಾ ಎರಡು ದಿನ. ಯಾವ ಕಾಲ ಆಯ್ತು ನೀನು ಆಚೆಗೆ ಹೋಗಿ.”

ಬೇಡ ಎಂದೆ. ಹೋಗುತ್ತೇನೆ ಎಂದು ಅವರಿಗೆ ಗೊತ್ತಾಯಿತು.


ನವೆಂಬರ್ 16, ಶನಿವಾರ, ಅಜ್ಜಂಪುರ

ಕಡೂರಿನಿಂದ ರೈಲಿನಲ್ಲಿ ಬಂದೆ. ಕಿಟಕಿ ಪಕ್ಕ ಕೂತಿದ್ದೆ. ಯಾರಿಗೂ ಏನನ್ನೂ ಎತ್ತಿಕೊಡಬೇಕಾಗಿರಲಿಲ್ಲ.

ಅಜ್ಜಂಪುರ ಈಗ ನಾನು ಚಿಕ್ಕವಳಿದ್ದಾಗ ನೋಡಿದ ಊರಲ್ಲ. ಸ್ಟೇಷನ್ನಿನಿಂದ ಮಿಲ್ಲಿನವರೆಗೆ ಗೋಡೆಗಳ ಮೇಲೆಲ್ಲ ಚಿತ್ರ. ಈರುಳ್ಳಿ ಮಂಡಿಯೊಂದರಲ್ಲಿ ಕಾಫಿ ಅಂಗಡಿ, ಪಕ್ಕದ ಮಂಡಿಯಲ್ಲಿ ಇನ್ನೂ ಈರುಳ್ಳಿ. ಕಾಫಿ ಕುಡಿಯುವವರು ಈರುಳ್ಳಿ ಮೂಟೆಯ ಫೋಟೊ ತೆಗೆಯುತ್ತಾರೆ, ಮೂಟೆ ಹೊರುವವರು ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ರೇಷನ್ ಅಂಗಡಿಯಿದ್ದ ಕಡೆ ಮಡಕೆ, ಕುಡಿಕೆ, ಕೈಮಗ್ಗದ ಸೀರೆ.

ಮಿಲ್ಲು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಹತ್ತಿ ಬಿಡಿಸುವ ಯಂತ್ರಗಳಿಗೆ ಕೆಂಪು ಬಣ್ಣ ಹೊಡೆದು ಅಲ್ಲಲ್ಲೇ ನಿಲ್ಲಿಸಿದ್ದಾರೆ. ಹತ್ತಿಯ ಮೂಟೆ ಕಟ್ಟುತ್ತಿದ್ದ ಕೋಣೆಗಳಲ್ಲಿ ನಮಗೆ ಮಂಚ ಹಾಕಿದ್ದಾರೆ. ಗಾರೆ ಉದುರಿದ ಗೋಡೆಯನ್ನು ಬೇಕೆಂದೇ ಹಾಗೇ ಬಿಟ್ಟು ಮೇಲೊಂದು ದೀಪ ಇಟ್ಟಿದ್ದಾರೆ. ನಮ್ಮ ಮನೆಯಲ್ಲಿ ಹಾಗಿದ್ದರೆ ಅತ್ತೆ ನೆಂಟರನ್ನು ಒಳಗೆ ಬಿಡುತ್ತಿರಲಿಲ್ಲ.

ದೊಡ್ಡ ಗೋದಾಮಿನಲ್ಲಿ ಫೋಟೊ ಪ್ರದರ್ಶನ. ಹಿಂದೆ ಇಲ್ಲಿ ಕೆಲಸ ಮಾಡಿದ ಹೆಂಗಸರ ಮುಖಗಳು, ಬಾಗಿಲಷ್ಟು ದೊಡ್ಡದಾಗಿ. ಒಂದು ಫೋಟೊ ಕೆಳಗೆ ಅದರಲ್ಲಿದ್ದ ಹೆಂಗಸೇ ಕಸ ಗುಡಿಸುತ್ತಿದ್ದರು.

“ಇದು ನಿಮ್ದೇ ಅಲ್ವಾ?” ಎಂದೆ.

“ನಂದೇ ಕಣಮ್ಮ. ಕೆಮ್ತಾ ಇದ್ದೆ, ಆವಾಗ ತೆಗ್ದುಬಿಟ್ರು.”

“ಕೇಳ್ಲಿಲ್ವಾ ನಿಮ್ಮನ್ನ?”

“ಕೇಳಕ್ಕೆ ಕೆಮ್ಮು ನಿಲ್ಬೇಕಲ್ಲ.”

ಅವರು ಗುಡಿಸಿಕೊಂಡು ಮುಂದೆ ಹೋದರು. ನನಗೆ ಬಹಳ ಹೊತ್ತು ಕಸಿವಿಸಿಯಾಯಿತು. ಒಬ್ಬರ ಕಷ್ಟವನ್ನು ಹೀಗೆ ಗೋಡೆಗೆ ತೂಗುಹಾಕಬಾರದು. ಕಾಫಿಯ ಲೋಟ ಹಿಡಿದು ಅದರ ಮುಂದೆ ನಿಂತವರಿಗೆ ಏನನ್ನಿಸುತ್ತದೋ.


ನವೆಂಬರ್ 17, ಭಾನುವಾರ, ರೈಲಿನಲ್ಲಿ

ಬೇಗ ಬರೆದುಕೊಳ್ಳಬೇಕು, ಮನೆಗೆ ಹೋದರೆ ಪುರುಸೊತ್ತಾಗುವುದಿಲ್ಲ.

ಬೆಳಿಗ್ಗೆ ನಾಟಕದ ಶಿಬಿರ. ಸುತ್ತ ಕೂತಿದ್ದೆವು, ದಾವಣಗೆರೆಯ ಒಬ್ಬ ಹಲ್ಲಿನ ಡಾಕ್ಟರು, ಬೆಂಗಳೂರಿನ ಗಂಡ ಹೆಂಡತಿ, ಕಾಲೇಜಿನ ಹುಡುಗಿಯರು. ಆಸಿಮ್ ಸಣ್ಣ ದನಿಯವರು. ಕೈ ಕಟ್ಟಿಕೊಂಡೇ ಮಾತಾಡುತ್ತಾರೆ.

“ನಿಮ್ಮನೇಲಿರೋ ಒಬ್ರನ್ನ ಇಲ್ಲಿಗೆ ತನ್ನಿ. ಅವ್ರ ಬಗ್ಗೆ ಹೇಳ್ಬೇಡಿ. ಅವ್ರೇ ಆಗಿ.”

ಡಾಕ್ಟರು ತಮ್ಮ ಮಗನಾದರು. ಯಾರಿಗೂ ನಗು ಬರಲಿಲ್ಲ. ನನ್ನ ಸರದಿ ಬಂದಾಗ ಏನೂ ತೋಚದೆ ಎದ್ದು ನಿಂತೆ. ಆಮೇಲೆ ಬೇಸಿಗೆಯಲ್ಲಿ ನಡೆದದ್ದು ನೆನಪಾಯಿತು. ಅತ್ತೆಗೆ ಊಟ ಮಾಡಿಸುತ್ತಿದ್ದೆ. ಅವರು “ಸಾ... ಸಾ...” ಎಂದರು. ಸಾರು ಬೇಕೇನೋ ಎಂದು ಹಾಕಿದೆ. ಮತ್ತೆ “ಸಾ... ಸಾ...” ಎಂದರು. ಇನ್ನೂ ಹಾಕಿದೆ. ತಟ್ಟೆ ತುಂಬಿ ಮಡಿಲಿಗೆ ಹರಿಯಿತು. ಆಗ ತಿಳಿಯಿತು, ಅವರು ಹೇಳುತ್ತಿದ್ದದ್ದು ‘ಸಾಕು’. ಅವತ್ತು ನಾವಿಬ್ಬರೂ ನಕ್ಕಿದ್ದೆವು. ಎಂಟು ತಿಂಗಳಲ್ಲಿ ಅತ್ತೆ ನಕ್ಕಿದ್ದು ಅದೊಂದೇ ಸಲ.

ಅದನ್ನೇ ಮಾಡಿದೆ. ಕುರ್ಚಿಯಲ್ಲಿ ವಾಲಿ ಕೂತೆ, ಬಾಯಿ ಸೊಟ್ಟ ಮಾಡಿದೆ, “ಸಾ... ಸಾ...” ಎಂದೆ. ಆಮೇಲೆ ಎದ್ದು ಸೊಸೆಯಾಗಿ “ಸಾರಾ ಅತ್ತೆ? ತಗಳಿ” ಎಂದೆ. ಮೊದಲು ಹುಡುಗಿಯರು ನಕ್ಕರು. ಆಮೇಲೆ ಎಲ್ಲರೂ. ಬೆಂಗಳೂರಿನವರ ಹೆಂಡತಿ ಕಣ್ಣೊರೆಸಿಕೊಂಡು ನಕ್ಕರು. ಅಷ್ಟು ಜನ ನನ್ನನ್ನೇ ನೋಡುತ್ತಿದ್ದರು.

ಆಸಿಮ್ ನಗಲಿಲ್ಲ. “ಎಷ್ಟ್ ವರ್ಷದಿಂದ ಮಾಡ್ತಿದ್ದೀರಿ?” ಎಂದರು.

“ಏನನ್ನ ಸಾರ್? ಅತ್ತೆ ಸೇವೆನಾ?”

“ಅಭಿನಯ.”

ಇದನ್ನು ಬರೆಯುತ್ತಿರುವಾಗಲೂ ಮುಖ ಬಿಸಿಯಾಗುತ್ತಿದೆ. ಅತ್ತೆಗೆ ಗೊತ್ತಾದರೆ ಬೇಜಾರಾಗುತ್ತದೆ. ಗೊತ್ತಾಗುವುದು ಹೇಗೆ? ಬೀರೂರು ಬಂತು.


ನವೆಂಬರ್ 18, ಸೋಮವಾರ

ಎರಡು ದಿನ ಕಾಮಾಕ್ಷಮ್ಮ ನೋಡಿಕೊಂಡಿದ್ದರು. ನಾನು ಬಾಗಿಲಿಗೆ ಬರುತ್ತಲೇ ಅತ್ತೆ ಏನೋ ಹೇಳಲು ಹೊರಟರು. “ಬಂ... ಬಂ...” ಬಂದೆಯಾ ಎಂದಿರಬೇಕು. ಕೈ ಹಿಡಿದು ಕೂತೆ.

ಕೂತಾಗ ನೋಡಿದೆ. ನಾನು ಮಾಡಿದ್ದು ತಪ್ಪು. ಬಾಯಿ ಎಳೆಯುವುದು ಎಡಕ್ಕೆ, ಜೋಲುವುದು ಬಲ. ನಾನು ತಿರುವುಮುರುವು ಮಾಡಿದ್ದೆ. ಆಸಿಮ್‌ಗೆ ಗೊತ್ತಾಗಿರಲಿಕ್ಕಿಲ್ಲ. ದಿನಾ ನೋಡುವ ಮುಖವನ್ನು ಇಷ್ಟು ಸರಿಯಾಗಿ ನೋಡೇ ಇರಲಿಲ್ಲ ನಾನು.


ನವೆಂಬರ್ 21, ಗುರುವಾರ

ಅತ್ತೆ ‘ಬಾಗಿಲು’ ಎಂದರು, ‘ಹಾಲು’ ಎಂದರು. ಉಮ್ಮೆ ಹಾನಿಗೆ ಖುಷಿ. “ಅಕ್ಕ, ನೀವು ದಿನಾ ಮಾಡಿಸ್ತಿರೋದಕ್ಕೇ ಇದು. ಹಿಂಗೇ ಹೋದ್ರೆ ಯುಗಾದಿಗೆ ಅಜ್ಜಿ ನಿಮ್ ಜೊತೆ ಜಗಳ ಆಡ್ತಾರೆ ನೋಡಿ.”

ಅವಳು ಮಾಡಿಸುತ್ತಿದ್ದಾಗ ನಾನು ಅತ್ತೆಯ ಗಂಟಲನ್ನೇ ನೋಡುತ್ತಿದ್ದೆ. ಮಾತು ಬರುವ ಮುಂಚೆ ಅಲ್ಲೊಂದು ಏರಿಳಿತ ಇದೆ. ಮೊದಲು ಕಣ್ಣು ಹುಡುಕುತ್ತದೆ, ಆಮೇಲೆ ಗಂಟಲು ಅಲ್ಲಾಡುತ್ತದೆ, ಕೊನೆಗೆ ತುಟಿ.

ಮಧ್ಯಾಹ್ನ ಆಸಿಮ್ ಫೋನ್ ಮಾಡಿದ್ದರು. ಡಿಸೆಂಬರ್ ಕೊನೆಯ ಶನಿವಾರ ಮಿಲ್ಲಿನಲ್ಲಿ ಉತ್ಸವವಂತೆ. ನಾನೊಬ್ಬಳೇ ಮಾಡುವ ನಾಟಕ, ‘ಅತ್ತೆ’ ಎಂದೇ ಹೆಸರು. “ಕಥೆ ನಾನು ಕಟ್ತೀನಿ. ನೀವು ಅವ್ರನ್ನ ತನ್ನಿ ಸಾಕು” ಎಂದರು. ಇವರಿಗೆ ಹೇಳಿದೆ, ಮನೆ ಸಂಸಾರದ ತಮಾಷೆಯ ನಾಟಕ ಎಂದು. “ಮಾಡು ಮಾಡು” ಎಂದು ನಕ್ಕರು. ತವರಿನಲ್ಲಿ, ಪಂಚನಹಳ್ಳಿಯ ಶಾಲೆಯಲ್ಲಿ ನಾನು ಪಾತ್ರ ಮಾಡುತ್ತಿದ್ದೆನೆಂದು ಇವರಿಗೆ ಇವತ್ತೇ ಗೊತ್ತಾದದ್ದು. ಮದುವೆಯಾದ ಹೊಸದರಲ್ಲಿ ಹೇಳಲು ಹೋದಾಗ ಅತ್ತೆ “ನಾಟ್ಕದೋಳ್ನ ತಂದ್ಕೊಂಡ್ವಾ?” ಎಂದಿದ್ದರು, ಅಲ್ಲಿಗೇ ನಿಂತಿತ್ತು ಆ ಮಾತು.


ನವೆಂಬರ್ 27, ಬುಧವಾರ

ಊಟ ಮಾಡಿಸುವಾಗ “ಸಾ... ಸಾ...” ಬಂತು. ಸಾರು ಹಾಕಿದೆ. ಮತ್ತೆ ಬಂತು, ಮತ್ತೆ ಹಾಕಿದೆ. ಮೂರನೆಯ ಸಲಕ್ಕೆ ಅತ್ತೆಯ ಕಿವಿ ಕೆಂಪಾಗುತ್ತದೆ, ಎಡಗೈ ತಟ್ಟೆಯ ಅಂಚನ್ನು ಹಿಡಿಯುತ್ತದೆ. ನಾಲ್ಕನೆಯದಕ್ಕೆ ಧ್ವನಿ ಮೇಲೆ ಹೋಗುವುದಿಲ್ಲ, ಕೆಳಗೆ ಹೋಗುತ್ತದೆ. ನಾನು ಇದನ್ನು ಕೂಗಿ ಮಾಡುತ್ತಿದ್ದೆ. ತಪ್ಪು.

ಉಮ್ಮೆ ಹಾನಿ ಹೇಳಿದ್ದಾಳಲ್ಲ, ಎಲ್ಲವನ್ನೂ ಕೇಳುವ ಮೊದಲೇ ಕೊಡಬೇಡಿ, ಅವರೇ ಕೇಳಲಿ ಎಂದು. ಅದೂ ಒಂದು ಅಭ್ಯಾಸವೇ.

ಸೀರೆ ಬದಲಾಯಿಸಿದೆ, ಸಾರು ಬಿಸಿಯಿರಲಿಲ್ಲ.


ಡಿಸೆಂಬರ್ 8, ಭಾನುವಾರ, ಅಜ್ಜಂಪುರ

ಎರಡನೆಯ ಸಲ ಬಂದಿದ್ದೇನೆ. ಈ ಸಲ ನನ್ನನ್ನು ಗುರುತಿಸಿದರು. ಕಾಫಿ ಅಂಗಡಿಯ ಹುಡುಗಿ “ನೀವೇ ಅಲ್ವಾ ಅತ್ತೆ?” ಎಂದಳು.

ಮಧ್ಯಾಹ್ನದವರೆಗೆ ತಾಲೀಮು. ಆಸಿಮ್ ಸುಲಭಕ್ಕೆ ಒಪ್ಪುವವರಲ್ಲ. “ನಗು ಚೆನ್ನಾಗಿದೆ. ಆದ್ರೆ ಕೊನೇಗೆ ಜನರ ಗಂಟಲು ಹಿಡ್ಕೋಬೇಕು. ಅವ್ರು ಅಳೋದಿಲ್ವಾ?”

“ಅಳ್ತಾರೆ. ನಾನು ನೋಡಿಲ್ಲ. ಮುಖ ಗೋಡೆಗೆ ಹಾಕ್ಕೊಂಡುಬಿಡ್ತಾರೆ.”

“ನೋಡ್ಬೇಕಲ್ಲ ಸಂಗೀತಾ.” ಅಷ್ಟೇ ಹೇಳಿ ಟೀ ಕುಡಿಯಲು ಹೋದರು.

ಅವರು ಈಗ ನನ್ನನ್ನು ಹೆಸರು ಹಿಡಿದು ಕರೆಯುತ್ತಾರೆ. ಗೋದಾಮಿನಲ್ಲಿ ಫೋಟೊಗಳನ್ನು ಇನ್ನೊಂದು ಸಲ ನೋಡಿದೆ. ಕೆಮ್ಮುತ್ತಿರುವ ಹೆಂಗಸಿನದೇ ಎಲ್ಲಕ್ಕಿಂತ ಚೆನ್ನಾಗಿ ಬಂದಿದೆ. ಕೇಳಿ ತೆಗೆದಿದ್ದರೆ ಹಾಗೆ ಬರುತ್ತಿರಲಿಲ್ಲ.


ಡಿಸೆಂಬರ್ 10, ಮಂಗಳವಾರ

ಇವರ ಹಳೇ ಫೋನಿನಲ್ಲಿ ಮಠದ ಭಜನೆಯ ರೆಕಾರ್ಡಿಂಗ್ ಇತ್ತು. ಅತ್ತೆ ವಚನ ಎತ್ತಿಕೊಡುತ್ತಾರೆ, ಉಳಿದವರು ಹಿಂದೆ ಹೇಳುತ್ತಾರೆ. ಹತ್ತು ಗಂಟೆಗೆ ಅತ್ತೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಕೂರಿಸಿದೆ. ಗೋಡೆ ಕಡೆ ತಿರುಗಲು ಆಗದ ಹಾಗೆ ಎರಡೂ ಕಡೆ ದಿಂಬು ಕೊಟ್ಟೆ. ಹಾಡು ಹಾಕಿದೆ, ನನ್ನ ಫೋನಿನಲ್ಲಿ ವಿಡಿಯೊ ಹಿಡಿದೆ.

ಮೊದಲ ಸಾಲಿಗೇ ಗೊತ್ತಾಯಿತು ಅವರಿಗೆ ಅದು ತಮ್ಮ ಧ್ವನಿ ಎಂದು. ಅಳು ಬಂತು. ಒಂದೇ ಕಣ್ಣಿಂದ ಹೆಚ್ಚು ನೀರು ಬರುತ್ತದೆ, ಬಲಗಣ್ಣಿಂದ. ಅದು ಪೂರ್ತಿ ಮುಚ್ಚುವುದಿಲ್ಲ ಅದಕ್ಕೆ. ಎಡಗೈಯಲ್ಲಿ ಒರೆಸಿಕೊಳ್ಳಲು ಹೋಗಿ ದಿಂಬು ಅಡ್ಡವಾಯಿತು. ನನಗೆ ಬೇಕಾದದ್ದು ಸಿಕ್ಕಿತು.

ಇನ್ನೊಮ್ಮೆ ಹಾಕಿದಾಗ ಆಗಬಾರದ್ದು ಆಯಿತು. ಅತ್ತೆ ಹಾಡಿನ ಜೊತೆ ಬಾಯಿ ಆಡಿಸಿದರು. ಮೂರನೆಯ ಸಲಕ್ಕೆ ಹಾಡೇ ಹೇಳಿದರು. ತೊದಲದೆ, ಸಾಲಿಗೆ ಸಾಲು. ಮಾತಿನಲ್ಲಿ ಬಾರದ ಪದಗಳು ರಾಗದಲ್ಲಿ ಬಂದವು. ಬಾಯಿಯೂ ಅಷ್ಟು ಸೊಟ್ಟ ಆಗಲಿಲ್ಲ. ಹಾಡಿ ಮುಗಿಸಿ ನನ್ನ ಮುಖ ನೋಡಿದರು, ಚಿಕ್ಕ ಮಕ್ಕಳು ನೋಡುವ ಹಾಗೆ.

“ಹೂಂ, ಚೆನ್ನಾಗಿದೆ” ಎಂದು ಫೋನು ತೆಗೆದಿಟ್ಟೆ.

ಇವರಿಗೆ ಹೇಳಬೇಕೆಂದಿದ್ದೆ. ಮೋಟಾರಿನ ಕೆಲಸದಲ್ಲಿ ದಣಿದು ಬಂದಿದ್ದರು. ನಾಳೆ ಹೇಳಿದರಾಯಿತು.


ಡಿಸೆಂಬರ್ 12, ಗುರುವಾರ

ಉಮ್ಮೆ ಹಾನಿಗೆ ಹೊಸ ವರ್ಷದವರೆಗೆ ಬರುವುದು ಬೇಡ ಎಂದೆ.

“ಯಾಕಕ್ಕ? ಈಗ ಬಿಟ್ರೆ ಆಗಲ್ಲ. ಈಗ್ಲೇ ಬರ್ತಾ ಇರೋದು ಮಾತು.”

“ಅವ್ರಿಗೆ ಸುಸ್ತಾಗ್ತಿದೆ ಕಣಮ್ಮ. ಹದಿನೈದು ದಿನ ಸುಮ್ನೆ ಇರ್ಲಿ.”

“ಅಜ್ಜಿ, ಸುಸ್ತಾಗ್ತಿದ್ಯಾ?” ಎಂದು ಅವಳು ಅತ್ತೆಯನ್ನೇ ಕೇಳಿದಳು. ಅತ್ತೆ ತಲೆ ಅಲ್ಲಾಡಿಸಿದರು, ಇಲ್ಲ ಎಂದು. ಅವರು ಹಾಗೆ ಅಲ್ಲಾಡಿಸಿದರೆ ಹೌದು ಎಂದರ್ಥ ಎಂದು ನಾನು ಹೇಳಿದೆ. ಉಮ್ಮೆ ಹಾನಿ ಸ್ವಲ್ಪ ಹೊತ್ತು ನನ್ನನ್ನು ನೋಡಿ ಕಾರ್ಡುಗಳನ್ನು ಚೀಲಕ್ಕೆ ಹಾಕಿಕೊಂಡಳು. “ನೀವಾದ್ರೂ ಬಿಡದೆ ಮಾಡ್ಸಿ ಅಕ್ಕ” ಎಂದಳು. ಹೂಂ ಎಂದೆ.

ನನಗೂ ಬಿಡುವು ಬೇಕು. ಕನ್ನಡಿ ಒಂದೇ ಇರುವುದು, ಬೆಳಿಗ್ಗೆಯ ಬೆಳಕು ಅದರ ಮುಂದೆ ಚೆನ್ನಾಗಿರುತ್ತದೆ. ಅಷ್ಟು ದಿನ ಅತ್ತೆಯನ್ನು ಕೂರಿಸುತ್ತಿದ್ದ ಜಾಗದಲ್ಲಿ ನಾನು ಕೂತು ಅಭ್ಯಾಸ ಮಾಡಿದೆ. ಅತ್ತೆ ಮಂಚದಿಂದ ನೋಡುತ್ತಿದ್ದರು.


ಡಿಸೆಂಬರ್ 20, ಶುಕ್ರವಾರ

ಬಟ್ಟೆ ಒಣಹಾಕಲು ಮೇಲೆ ಹೋಗಿದ್ದೆ. ಇಳಿದು ಬಂದರೆ ಕಾಮಾಕ್ಷಮ್ಮ ಅತ್ತೆಯ ಪಕ್ಕ ಕೂತು ಕಣ್ಣು ಮೂಗು ಒರೆಸಿಕೊಳ್ಳುತ್ತಿದ್ದರು.

“ಕಾಮಾಕ್ಷಿ ಅಂತ ಹೆಸ್ರು ಹಿಡಿದು ಕರುದ್ರು ಕಣೇ ಸಂಗೀತಾ, ಒಂದ್ ಚೂರು ತಡವರಿಸ್ಲಿಲ್ಲ. ನಿನ್ ಕೈಗುಣ. ನಿನ್ ಗಂಡ ಪ್ರಸಾದಂಗೆ ಅಂಗಡಿಗೆ ಫೋನ್ ಮಾಡಿ ಹೇಳ್ತೀನಿ ತಾಳು.”

ಬೇಡ, ನಾನೇ ಹೇಳುತ್ತೇನೆ ಎಂದೆ. ಆಮೇಲೆ ಬಾಗಿಲವರೆಗೆ ಹೋಗಿ, ಡಾಕ್ಟರು ಜನ ಬರುವುದು ಬೇಡ, ಮಿದುಳಿಗೆ ಆಯಾಸವಾಗುತ್ತದೆ ಎಂದಿದ್ದಾರೆ ಎಂದು ಹೇಳಿದೆ. ಕಾಮಾಕ್ಷಮ್ಮನಿಗೆ ಮುಖ ಸಪ್ಪಗಾಯಿತು. ಪಾಪ, ನಾಳೆಯಿಂದ ಬರುವುದಿಲ್ಲ.

ನಾಟಕಕ್ಕೆ ಇನ್ನು ವಾರವಿದೆ. ಇಷ್ಟು ದಿನ ಬಾರದ ಮಾತು ಈಗಲೇ ಬರಬೇಕೆ? ದಿನಕ್ಕೊಂದು ಥರ ಆದರೆ ನಾನು ಯಾವುದನ್ನು ಹಿಡಿಯಲಿ? ಮಧ್ಯಾಹ್ನ ಟೀವಿ ಜೋರಾಗಿ ಹಾಕಿ ಅವರ ಮುಂದೆ ಬಿಟ್ಟೆ. ಟೀವಿ ಮಾತಾಡುತ್ತಿದ್ದರೆ ಅತ್ತೆ ಸುಮ್ಮನಿರುತ್ತಾರೆ.


ಡಿಸೆಂಬರ್ 24, ಮಂಗಳವಾರ

ಇವರು ಊಟಕ್ಕೆ ಕೂತಾಗ ಹೇಳಿದರು: “ಶನಿವಾರ ಅಮ್ಮನ್ನೂ ಕರ್ಕೊಂಡು ಬತ್ತೀನಿ ಕಣೇ. ಈರಣ್ಣನ ಕಾರು ಹೇಳಿದೀನಿ. ಸೊಸೆ ನಾಟ್ಕ ಮಾಡ್ತಾಳೆ ಅಂದೆ, ಕೈ ಮೇಲೆತ್ತಿ ಆಶೀರ್ವಾದ ಮಾಡ್ತು.”

ಇವರಿಗೆ ಎಲ್ಲ ಹೇಳಿಬಿಡಬೇಕು ಎನ್ನಿಸಿತು ಒಂದು ಗಳಿಗೆ. ಆಮೇಲೆ ಯೋಚಿಸಿದೆ. ಹಿಂದಿನ ಸಾಲಿನಲ್ಲಿ ಕೂರಿಸಿದರಾಯಿತು. ಅಷ್ಟು ದೂರದಿಂದ ಅವರಿಗೆ ಏನು ಕಾಣುತ್ತದೆ, ಏನು ತಿಳಿಯುತ್ತದೆ.

“ಕರ್ಕೊಂಡ್ ಬನ್ನಿ” ಎಂದೆ.

ಆಸಿಮ್‌ಗೆ ಫೋನಿನಲ್ಲಿ ಹೇಳಿದಾಗ “ಮುಂದಿನ ಸಾಲಲ್ಲಿ ಕೂರ್ಸೋಣ” ಎಂದರು.


ಡಿಸೆಂಬರ್ 29, ಭಾನುವಾರ, ಅಜ್ಜಂಪುರ

ನಿನ್ನೆ ಆಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಗೋದಾಮು ತುಂಬಿತ್ತು. ನಿಂತವರೂ ಇದ್ದರು. ಬೆಂಗಳೂರು, ಶಿವಮೊಗ್ಗ, ದಾವಣಗೆರೆಯವರು, ಊರಿನವರು ಬಾಗಿಲ ಹತ್ತಿರ. ಮುಂದಿನ ಸಾಲಿನ ಮಧ್ಯೆ ಗಾಲಿ ಕುರ್ಚಿಯಲ್ಲಿ ಅತ್ತೆ, ನಾನೇ ಉಡಿಸಿದ ಇಳಕಲ್ ಸೀರೆಯಲ್ಲಿ. ಪಕ್ಕದಲ್ಲಿ ಇವರು, ಇಸ್ತ್ರಿ ಅಂಗಿ ಹಾಕಿಕೊಂಡು.

ನಾನು ವಾಲಿ ಕೂತ ತಕ್ಷಣ ನಗು ಶುರುವಾಯಿತು. ಆ ಕಡೆ ಅತ್ತೆ, ಈ ಕಡೆ ಸೊಸೆ. “ಸಾ... ಸಾ...” “ಸಾರಾ ಅತ್ತೆ? ತಗಳಿ.” ಒಂದು ಸಲ, ಎರಡು ಸಲ. ಜನ ಒಬ್ಬರ ಮೇಲೊಬ್ಬರು ಬೀಳುವ ಹಾಗೆ ನಕ್ಕರು. ಇವರೂ ಮೊದಲು ನಕ್ಕಿದ್ದು ನನಗೆ ಕಂಡಿತು. ಆಮೇಲೆ ಅವರ ಮುಖ ನಾನು ನೋಡಲಿಲ್ಲ.

ಮೂರನೆಯದಕ್ಕೆ ತಟ್ಟೆಯ ಅಂಚು ಹಿಡಿದೆ. ನಾಲ್ಕನೆಯದಕ್ಕೆ ಧ್ವನಿ ಕೆಳಗಿಳಿಸಿದೆ. ಬಲಗಣ್ಣು ಮುಚ್ಚದೆ ಕಣ್ಣೀರು ಸುರಿಸಿದೆ. ನಗು ಅಲ್ಲಲ್ಲಿ ನಿಂತಿತು, ಆಮೇಲೆ ಪೂರ್ತಿ ನಿಂತಿತು. ಆಸಿಮ್ ಹೇಳಿದ್ದ ಜಾಗ ಅದು. ಅಷ್ಟು ಜನರ ಉಸಿರು ನನ್ನ ಕೈಯಲ್ಲಿತ್ತು. “ಸಾ...” ಎಂದು ಬಾಯಿ ತೆರೆದು ನಿಲ್ಲಿಸಿದೆ.

“ಸಾಕು.”

ನಾನು ಹೇಳಿದ್ದಲ್ಲ. ಮುಂದಿನ ಸಾಲಿನಿಂದ ಬಂತು. ಸ್ಪಷ್ಟವಾಗಿ ಬಂತು.

ಸೊಟ್ಟ ಬಾಯಿಯಲ್ಲೇ ತಿರುಗಿ ನೋಡಿದೆ. ಅತ್ತೆ ನನ್ನನ್ನೇ ನೋಡುತ್ತಿದ್ದರು, ಎಡಗೈ ಸ್ವಲ್ಪ ಮೇಲೆತ್ತಿ. “ಸಾಕು ಕಣೇ” ಎಂದರು.

ಆಮೇಲೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾಟಕದ್ದೇ ಎಂದುಕೊಂಡರು. ಬೆಂಗಳೂರಿನ ಯಾರೋ ಒಬ್ಬರು ಅತ್ತೆಯ ಹತ್ತಿರ ಹೋಗಿ ಬಾಗಿ, ಎಂಥಾ ನಟನೆ ಅಮ್ಮ ಎಂದು ಕೈ ಮುಗಿದರು. ಅತ್ತೆಯ ಮುಖ ಆ ಜನರ ನಡುವೆ ಕಾಣಲಿಲ್ಲ.

ಮಾತು ನೆನಪಾಗದೆ ನಾನು ನಿಂತೆ ಎಂದುಕೊಂಡು ಎತ್ತಿಕೊಟ್ಟರೇನೋ. ಭಜನೆಯಲ್ಲಿ ಎತ್ತಿಕೊಟ್ಟು ಅಭ್ಯಾಸ ಅವರಿಗೆ.

ಮುಖ ತೊಳೆದು ಬರುವಷ್ಟರಲ್ಲಿ ಕಾರು ಇರಲಿಲ್ಲ. ಇವರಿಗೆ ಫೋನ್ ಮಾಡಿದೆ.

“ಅಮ್ಮಂಗೆ ಚಳಿ ಆಗ್ತಿತ್ತು. ಹೊರಟ್ವಿ.”

“ಹೆಂಗಿತ್ತು ರೀ?”

ರಸ್ತೆಯ ಸದ್ದು ಕೇಳುತ್ತಿತ್ತು. “ಎಲ್ಲಾ ಹಂಗೇ ಇತ್ತು” ಎಂದರು. “ಒಂದೂ ಬಿಟ್ಟಿರ್ಲಿಲ್ಲ.”

ಅದಕ್ಕಿಂತ ದೊಡ್ಡ ಮೆಚ್ಚುಗೆ ಬೇಕೆ? ಆಸಿಮ್ ಭುಜ ತಟ್ಟಿ, “ಆ ಕೊನೇ ಮಾತು ಪ್ರತಿ ಸಲ ಇರ್ಬೇಕು” ಎಂದರು. ಫೆಬ್ರವರಿಯಲ್ಲಿ ತರೀಕೆರೆಯಲ್ಲಿ ಪ್ರದರ್ಶನವಿದೆ.


ಜನವರಿ 3, ಶುಕ್ರವಾರ

ಅತ್ತೆ ಮಾತಾಡುವುದಿಲ್ಲ. ‘ಮಂಚ’ವೂ ಇಲ್ಲ, ‘ಹಾಲು’ ಇಲ್ಲ, ತೊದಲುವುದೂ ಇಲ್ಲ. ‘ಸಾಕು’ ಇನ್ನೊಂದು ಸಲ ಹೇಳಿ ಎಂದು ಎದುರು ಕೂತು ಕೇಳಿದೆ. ತುಟಿ ಒತ್ತಿ ಹಿಡಿದುಕೊಂಡರು. ತರೀಕೆರೆಗೆ ಬೇಕು, ಕಲಿತರೆ ಸುಲಭ ಎಂದು ಹೇಳಿದೆ. ಊಟವೂ ನನ್ನ ಕೈಯಿಂದ ಬೇಡ. ಇವರೇ ಅಂಗಡಿಗೆ ಹೋಗುವ ಮೊದಲು ಉಣಿಸುತ್ತಾರೆ, ಮಧ್ಯಾಹ್ನ ಬಂದು ಉಣಿಸುತ್ತಾರೆ. ಹಾಸಿಗೆಯನ್ನೂ ಅಮ್ಮನ ಕೋಣೆಗೆ ಹಾಕಿಕೊಂಡಿದ್ದಾರೆ.

ನನಗೆ ಸಮಯ ಸಿಗುತ್ತಿದೆ. ತರೀಕೆರೆಗೆ ಅತ್ತೆಯನ್ನು ಕರೆತರಬೇಕು ಎಂದು ಆಸಿಮ್ ಕೇಳುತ್ತಾರೆ ಎಂದೆ. ಇವರು ಅಮ್ಮನ ಬಾಯಿ ಒರೆಸುತ್ತಿದ್ದರು. ನನ್ನ ಕಡೆ ತಿರುಗದೆ, “ಅಮ್ಮ ಬರಲ್ಲ” ಎಂದರು. ಬೇರೆ ಯಾರಾದರೂ ಮುದುಕಿಯನ್ನು ಕೂರಿಸುತ್ತಾರಂತೆ ಆಸಿಮ್. ಎರಡಕ್ಷರ ಹೇಳಲು ಯಾರಾದರೇನು.


ಜನವರಿ 16, ಗುರುವಾರ

ಉಮ್ಮೆ ಹಾನಿ ಬಂದಿದ್ದಳು. ಇವರೇ ಫೋನ್ ಮಾಡಿ ಕರೆಸಿದ್ದಂತೆ, ನನಗೆ ಹೇಳಿರಲಿಲ್ಲ. ಬಂದವಳು ಮೊದಲಿನ ಹಾಗೆ ಅಕ್ಕ ಎಂದು ಒಳಗೆ ಬರಲಿಲ್ಲ, ನೇರ ಅತ್ತೆಯ ಕೋಣೆಗೆ ಹೋದಳು. ನಾನು ಹೋಗಿ ಬಾಗಿಲಲ್ಲಿ ನಿಂತೆ. ಕಾರ್ಡು ಹಿಡಿದಳು. ಅತ್ತೆ ಬಾಯಿ ಬಿಡಲಿಲ್ಲ.

“ಅಕ್ಕ, ಸ್ವಲ್ಪ ಟೀ ಮಾಡ್ತೀರಾ?” ಎಂದಳು. ಅವಳು ನಮ್ಮ ಮನೆಯಲ್ಲಿ ಯಾವತ್ತೂ ಟೀ ಕೇಳಿದವಳಲ್ಲ.

ಒಲೆಯ ಮುಂದೆ ನಿಂತಿದ್ದೆ. ಒಳಗಿಂದ ಧ್ವನಿ ಬಂತು. ಉಮ್ಮೆ ಹಾನಿಯದಲ್ಲ. ನಿಧಾನವಾಗಿ, ಪದದ ಮೇಲೆ ಪದ ಇಟ್ಟು ಅತ್ತೆ ಏನೋ ಹೇಳುತ್ತಿದ್ದರು. ಒಂದಲ್ಲ ಎರಡಲ್ಲ, ಎಷ್ಟೋ ಮಾತು. ಟೀ ಉಕ್ಕಿತು. ಲೋಟ ತೆಗೆದುಕೊಂಡು ಬಾಗಿಲಿಗೆ ಬಂದೆ, ಧ್ವನಿ ನಿಂತಿತು.

ಉಮ್ಮೆ ಹಾನಿ ಟೀ ಮುಟ್ಟಲಿಲ್ಲ. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದಳು: “ಮಾತು ಚೆನ್ನಾಗೇ ಇದೆ ಅವ್ರಿಗೆ. ನಿಮ್ ಮುಂದೆ ಮಾತಾಡಕ್ಕೆ ಭಯ ಆಗುತ್ತೆ ಅಂದ್ರು.”

“ಭಯನಾ? ನಾನೇನ್ ಮಾಡ್ದೆ?”

“ಬಾಯಿ ಬಿಟ್ರೆ ತಗೊಂಡ್ ಹೋಗ್ತಾಳೆ ಅಂದ್ರು ಅಕ್ಕ.”

ಸ್ಕೂಟಿ ತಿರುವಿನವರೆಗೆ ಹೋಗುವುದನ್ನು ನೋಡುತ್ತ ನಿಂತಿದ್ದೆ. ಇಷ್ಟು ತಿಂಗಳು ಹೇಲು ಉಚ್ಚೆ ಬಳಿದವಳಿಗೆ ಈ ಮಾತು. ಮನಸ್ಸಿಗೆ ನೋವಾಯಿತು. ಅಳೋಣವೆಂದರೆ ಅಳು ಬರಲಿಲ್ಲ.

ಆಮೇಲೆ ಹೊಳೆಯಿತು. ಸಿಟ್ಟು ಮಾಡಿದ್ದೇನೆ, ಅಳು ಮಾಡಿದ್ದೇನೆ, ಹಟ ಮಾಡಿದ್ದೇನೆ. ಭಯ ನಾಟಕದಲ್ಲಿ ಇಲ್ಲವೇ ಇಲ್ಲ.

ಸದ್ದು ಮಾಡದೆ ಹೋಗಿ ಬಾಗಿಲು ಸರಿಸಿದೆ. ಅತ್ತೆ ನೋಡಿದರು. ಅದು ಬಾಯಿಂದ ಶುರುವಾಗುವುದಿಲ್ಲ. ಮೊದಲು ಎಡಗೈ ಹೊದಿಕೆಯನ್ನು ಹುಡುಕುತ್ತದೆ, ಗಲ್ಲದವರೆಗೆ ಎಳೆದುಕೊಳ್ಳುತ್ತದೆ. ಆಮೇಲೆ ಉಸಿರು ಸಣ್ಣಗಾಗುತ್ತದೆ. ಕಣ್ಣು ಮಾತ್ರ ನನ್ನ ಮೇಲೆಯೇ ಇರುತ್ತದೆ, ರೆಪ್ಪೆ ಬಡಿಯುವುದಿಲ್ಲ.

ಒಂದು ಹೆಜ್ಜೆ ಮುಂದಿಟ್ಟೆ. ಇನ್ನೂ ಚೆನ್ನಾಗಿ ಕಂಡಿತು.